ಅರ್ಧ ಇಂಚಿನ ಎಲಾಸ್ಟಿಕ್

ಮಂಗಳವಾರ, ಗುರುವಾರ, ಶನಿವಾರ.
ಬೆಳಗಿನ ಆರರ ಪಾಳಿ ನಮ್ಮದು.
ನೀಲಾಂಬಿಕೆಗೆ ನಾಲ್ಕನೇ ಹಾಸಿಗೆ, ಕಿಟಕಿ ಪಕ್ಕ,
ಒಂದೊಂದು ದಿನ ಏಳನೆಯದು, ಬಾಗಿಲ ಪಕ್ಕ.
ಅವಳ ರಕ್ತ ಹೊರಗೆ ಬಂದು, ತೊಳೆಸಿಕೊಂಡು,
ತಿರುಗಿ ಮನೆ ಸೇರುವುದಕ್ಕೆ ನಾಲ್ಕು ತಾಸು.

ಬಾಳೆಹಣ್ಣು ಕೂಡದು. ಕಿತ್ತಳೆ ಕೂಡದು.
ಎಳನೀರಂತೂ ಹೆಸರೆತ್ತುವ ಹಾಗಿಲ್ಲ.
ಸೇಬು ಆಗಬಹುದು ಎಂದರು ಡಾಕ್ಟರು,
ಒಂದು. ಚಿಕ್ಕದು.
ಆ ಚಿಕ್ಕದನ್ನು ಹುಡುಕಿಕೊಂಡು
ಕೆ.ಆರ್. ಮಾರ್ಕೆಟ್ಟಿನ ಗಾಡಿಗಾಡಿ ತಿರುಗುತ್ತೇನೆ,
ಥಾನಿನ ಬಟ್ಟೆ ನೋಡಿದ ಹಾಗೆ
ಬೆಳಕಿಗೆ ಹಿಡಿದು ನೋಡುತ್ತೇನೆ.

ಐದಕ್ಕೆ ಹೆಚ್ಚಿ ಡಬ್ಬಿಗೆ ಹಾಕಿದರೆ
ಎಂಟಕ್ಕೆ ಮುಚ್ಚಳ ತೆಗೆಯುವಾಗ
ಚಹಾ ಸೋಸಿದ ಬಟ್ಟೆಯ ಬಣ್ಣ.
ನೀಲಾ ನೋಡುತ್ತಾಳೆ, ಏನೂ ಅನ್ನುವುದಿಲ್ಲ.
ಅವಳ ಮುಖವೂ ಈಗ ಅದೇ ಬಣ್ಣಕ್ಕೆ ತಿರುಗಿದೆ.
ನಾನೂ ಅನ್ನುವುದಿಲ್ಲ.

ಅಲ್ಲೇ ಹೆಚ್ಚೋಣವೆಂದರೆ
ಬಾಗಿಲಲ್ಲಿ ಕೊಟ್ರೇಶಿ ಚೀಲ ತಡಕಿ ಚಾಕು ಇಟ್ಟುಕೊಳ್ಳುತ್ತಾನೆ.
ಉಪ್ಪುನೀರಲ್ಲಿ ಅದ್ದಿ ತೆಗೀರಿ, ಅಂದರು ಎದುರು ಮನೆಯವರು.
ಉಪ್ಪು! ಅವಳ ಸಾರಿಗೇ ಹಾಕದ ಉಪ್ಪು.
ನಿಂಬೆಹುಳಿ ಹಿಂಡು ಅಂದಳು ಅತ್ತಿಗೆ.
ಹಿಂಡಿದೆ. ಬಾಯಿಯ ಹುಣ್ಣು ಉರಿದು
ನೀಲಾಳ ಕಣ್ಣಲ್ಲಿ ನೀರು ಬಂತು,
ದಿನಕ್ಕಿಷ್ಟೇ ಎಂದು ಅಳೆದು ಕುಡಿದ ನೀರು.

ಕೊನೆಗೆ ಹೇಳಿಕೊಟ್ಟವನು ಗೇಟಿನ ಬುಡೇನ್ ಸಾಬ್,
ಕಲ್ಲಂಗಡಿ ಪಪ್ಪಾಯಿ ಪ್ಲೇಟ್ ಮಾರುವವನು.
"ಕೊಯ್ದಿದ್ದು ಗಾಳಿಗೆ ಮುಖ ತೋರಿಸಬಾರ್ದು ಅಕ್ಕಾ, ಅಷ್ಟೇಯ.
ಹೋಳೆಲ್ಲ ತಿರುಗಿ ಕೂಡಿಸಿ
ಇದ್ದಂಗೇ ಸೇಬು ಮಾಡಿ ರಬ್ಬರ್ ಹಾಕಿಬಿಡ್ರಿ.
ಅದಕ್ಕೇ ಗೊತ್ತಾಗಂಗಿಲ್ಲ, ತನ್ನ ಕೊಯ್ದಾರೆ ಅಂತ."

ನಗು ಬಂತು. ಮಂಡಿಪೇಟೆಯ ಓಣಿಯಲ್ಲಿ
ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಅದೇ ತಾನೆ:
ಕತ್ತರಿಸಿದ ಜಂಪರಿನ ತೋಳು, ಬೆನ್ನು, ಪಟ್ಟಿ
ಒಂದರೊಳಗೊಂದು ಮಡಚಿ
ಅದರದೇ ಅಂಚಿನ ಚಿಂದಿಯಿಂದ ಬಿಗಿದು ಇಡುವುದು,
ಒಂದು ತುಂಡೂ ತಪ್ಪಿಸಿಕೊಳ್ಳದ ಹಾಗೆ.
ರಬ್ಬರ್ ಸಿಗಲಿಲ್ಲ. ಯಾರದೋ ಮಗಳ ಲಂಗಕ್ಕೆ ತಂದ
ಅರ್ಧ ಇಂಚಿನ ಎಲಾಸ್ಟಿಕ್ ಇತ್ತು.
ಬಿಸಿನೀರಲ್ಲಿ ಕುದಿಸಿ, ಗೇಣಿಗೆ ಎರಡು ಬೆರಳು ಕಡಿಮೆ ಕತ್ತರಿಸಿ,
ತುದಿಗೆ ತುದಿ ಕೂಡಿಸಿ ಮಿಷನ್ನಿನಲ್ಲಿ ಮೂರು ಸಲ ಓಡಿಸಿದೆ.
ಬೀಜದ ಮನೆ ತೆಗೆಯಲಿಲ್ಲ.
ತೆಗೆದರೆ ಅಲ್ಲಿ ಗಾಳಿ ಬಂದು ಕೂರುತ್ತದೆ.

ಶನಿವಾರ ನೀಲಾ ಡಬ್ಬಿ ನೋಡಿ,
"ಇಡೀದೇ ತಂದೀಯಲ್ಲೇ, ಕಚ್ಚೋಕೆ ಹಲ್ಲೆಲ್ಲೈತಿ ನಂಗೆ?"
ಎಲಾಸ್ಟಿಕ್ ಜಾರಿಸಿದೆ.
ಅಂಗೈಯಲ್ಲಿ ಆರಾಗಿ ಬಿಚ್ಚಿಕೊಂಡಿತು
ಬಿಳಿ.
ಅಂಚಿಗೆ ಮಾತ್ರ ದಾರದೆಳೆಯಷ್ಟು ಕಂದು,
ಕಚ್ಚಾ ಹೊಲಿಗೆ ಬಿಚ್ಚಿದ ಮೇಲೆ ಉಳಿಯುವ ಗೆರೆ.

ಪಕ್ಕದ ಹಾಸಿಗೆಗೆ ಒಂದು ಹೋಳು ಕೊಟ್ಟಳು.
ಜಗಳೂರಿನ ಹೊನ್ನೂರಮ್ಮ ಸೊಸೆಯ ಸುದ್ದಿ ಹೇಳುತ್ತಾ ಹೇಳುತ್ತಾ
ಅದನ್ನು ಕೈಯಲ್ಲೇ ಹಿಡಿದು ಕೂತಳು.
ಸೊಸೆಯ ಸುದ್ದಿ ಮುಗಿಯುವಷ್ಟರಲ್ಲಿ ಹೋಳು ಕಂದಾಗಿತ್ತು.
ನನ್ನ ಜೀವ ಚುರ್ ಅಂತು.
ಬಾಯಿಗಿಟ್ಟುಕೊಂಡು ಅಂದಳು ಆ ಮುದುಕಿ,
"ಬಣ್ಣ ಹೋದ್ರೆ ಹೋಗ್ಲಿ, ಸೀ ಎಲ್ಲಿಗೆ ಹೋಗತೈತವ್ವ?"

ಹತ್ತಕ್ಕೆ ಸೂಜಿ ತೆಗೆದು ಹತ್ತಿ ಒತ್ತಿದ ಮೇಲೆ
ಖಾಲಿ ಎಲಾಸ್ಟಿಕ್ಕನ್ನು ಬಳೆಯ ಹಾಗೆ
ಎಡಗೈಗೆ ಏರಿಸಹೋದಳು ನೀಲಾ.
"ಆ ಕೈಗೆ ಬೇಡ!"
ನಾನೂ ನರ್ಸೂ ಒಟ್ಟಿಗೆ ಕೂಗಿದೆವು.
ಆ ಕೈಗೆ ಬಿಗಿ ಯಾವುದೂ ಕೂಡದು,
ವಾಚು, ಬಳೆ, ಮಗ್ಗುಲಾಗಿ ಮಲಗಿದ ಅವಳದೇ ಭಾರ ಕೂಡ.
ಅಲ್ಲಿ ನರಕ್ಕೆ ನರ ಕೂಡಿಸಿ ಹೊಲಿದಿದ್ದಾರೆ.
ಬೆರಳಿಟ್ಟರೆ ಒಳಗೆ ಝುಂ ಅನ್ನುತ್ತದೆ,
ರಾತ್ರಿ ಆಚೆ ಕೋಣೆಯಲ್ಲಿ ಯಾರೋ
ನಾಳೆಗೆ ಕೊಡಬೇಕಾದದ್ದನ್ನು ಹೊಲಿಯುತ್ತಿರುವಂತೆ.
ಮಲಗುವ ಮುಂಚೆ ದಿನಾ ಒಮ್ಮೆ ಮುಟ್ಟಿ ನೋಡುತ್ತೇನೆ,
ನಿಂತಿಲ್ಲವಷ್ಟೇ ಎಂದು.

ಬಲಗೈಗೆ ಹಾಕಿಕೊಂಡಳು.
ಅಶೋಕ ರಸ್ತೆಯಲ್ಲಿ ರೈಲ್ವೆ ಗೇಟು ಹಾಕಿತ್ತು.
ಆಟೋದಲ್ಲಿ ಕೂತು, ಗೂಡ್ಸಿನ ಡಬ್ಬಿಗೊಮ್ಮೆ
ಎಲಾಸ್ಟಿಕ್ ಎಳೆದು ಬಿಡುತ್ತಿದ್ದಳು, ಚಟ್, ಚಟ್.
"ಮಂಗಳವಾರಕ್ಕೆ ಒಂಚೂರು ದೊಡ್ಡದು ತಾರೆ," ಅಂದಳು.
"ಇದು ಹಿಗ್ಗತೈತಿ."